ಪುಕ್ಕಟೆ ಸಾಫ್ಟ್‌ವೇರ್ ನಂಬಿಕೊಂಡು ಅನಿಮೇಷನ್‌ಗೆ ಇಳಿಯಬಹುದಾ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಕಾಗದದ ಮೇಲೆ ಚಿತ್ರ ಬರೆಯುತ್ತೇನೆ. ಈಗ ಕಂಪ್ಯೂಟರಿನಲ್ಲಿ ಒಂದು ನಿಮಿಷದ ಅನಿಮೇಷನ್ ಮಾಡುವ ಆಸೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದೆ, ಪರದೆ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಇದೆ. ತಿಂಗಳು ತಿಂಗಳು ಹಣ ಕಟ್ಟುವ ಸಾಫ್ಟ್‌ವೇರ್ ನನ್ನ ಕೈಗೆ ನಿಲುಕುವುದಿಲ್ಲ. ಹಾಗಾಗಿ ಕ್ರಿಟಾ, ಬ್ಲೆಂಡರ್, ಗಿಂಪ್, ಸಿನ್‌ಫಿಗ್ ನಾಲ್ಕನ್ನೂ ಒಂದೇ ದಿನ ಹಾಕಿಕೊಂಡೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ಪೆನ್ನನ್ನು ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಬರುತ್ತದೆ. ಇದರಲ್ಲಿ ಮಾಡಿದ ಕೆಲಸವನ್ನು ಮಾರಬಹುದಾ ಅನ್ನುವ ಅನುಮಾನವೂ ಇದೆ. ದಾರಿ ತೋರಿಸಿ.

ಉತ್ತರ: ಮೊದಲು ಆ ನಾಲ್ಕರಲ್ಲಿ ಮೂರನ್ನು ಮುಚ್ಚಿಡಿ. ತೆಗೆದುಹಾಕಬೇಕಾಗಿಲ್ಲ, ಸದ್ಯಕ್ಕೆ ತೆರೆಯಬೇಡಿ, ಅಷ್ಟೇ. ನಾಲ್ಕರಲ್ಲೂ ಶಾರ್ಟ್‌ಕಟ್ ಕೀಗಳು ಬೇರೆ ಬೇರೆ. ಒಂದರಲ್ಲಿ ಕೈಗೆ ಹತ್ತಿದ ಅಭ್ಯಾಸ ಇನ್ನೊಂದರಲ್ಲಿ ಎಡವಟ್ಟು ಮಾಡಿಸುತ್ತದೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುವವರೇ ಜಾಸ್ತಿ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಚಿತ್ರ ಹೇಗೆ ಅಲುಗಾಡಬೇಕು? ಪ್ರತಿ ಚಲನೆಗೂ ಹೊಸ ಚಿತ್ರ ಬರೆಯುತ್ತೀರಾ? ಹಾಗಾದರೆ ಕ್ರಿಟಾ, ಓಪನ್‌ಟೂನ್ಜ್, ಪೆನ್ಸಿಲ್2ಡಿ ನಿಮ್ಮ ಕಡೆಯವು. ಕೈ, ಕಾಲು, ತಲೆ ಬೇರೆ ಬೇರೆ ಕತ್ತರಿಸಿ ಜೋಡಿಸಿದ ಗೊಂಬೆಯ ಹಾಗೆ ಒಂದೇ ಪಾತ್ರವನ್ನು ಆಡಿಸುತ್ತೀರಾ? ಅದಕ್ಕೆ ಸಿನ್‌ಫಿಗ್. ಮೊದಲ ಭಂಗಿ, ಕೊನೆಯ ಭಂಗಿ ನೀವು ಕೊಟ್ಟರೆ ನಡುವಿನದ್ದನ್ನು ಅದೇ ಲೆಕ್ಕ ಹಾಕಿ ತುಂಬುತ್ತದೆ. ಕ್ಯಾಮೆರಾ ಬೀದಿಯೊಳಗೆ ನುಗ್ಗಿ ಮನೆ ಸುತ್ತು ಹಾಕಿ ಬರಬೇಕಾ? ಆಗ ಬ್ಲೆಂಡರ್. ಗಿಂಪ್ ಈ ಸಾಲಿನಲ್ಲಿ ಬರುವುದಿಲ್ಲ. ಅದು ಫೋಟೋ ತಿದ್ದುವ ಹಳೇ ಹುಲಿ. ಒಂದೊಂದು ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ) ಒಂದೊಂದು ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಮಾಡಿಕೊಂಡು ಜಿಫ್ ತೆಗೆಯಬಹುದು ನಿಜ, ಆದರೆ ಒಂದು ನಿಮಿಷದ ಕೆಲಸಕ್ಕೆ ಅದು ಚಮಚದಲ್ಲಿ ಬಾವಿ ತೋಡಿದ ಹಾಗೆ.

ನೀವು ಕಾಗದದ ಮೇಲೆ ಬರೆದು ಬಂದವರು, ಕೈಯ ಗೆರೆ ಕಾಣಬೇಕು ಅನ್ನುವವರು ಅಂದುಕೊಂಡು ಹೇಳುತ್ತಿದ್ದೇನೆ. ಕ್ರಿಟಾ ಇಟ್ಟುಕೊಳ್ಳಿ. ಸ್ವೀಡಿಷ್ ಭಾಷೆಯಲ್ಲಿ ಕ್ರಿಟಾ ಅಂದರೆ ಸೀಮೆಸುಣ್ಣ. ಹೆಸರಿಗೆ ತಕ್ಕ ಹಾಗೆ ಅದು ಚಿತ್ರ ಬರೆಯುವವರಿಗಾಗಿಯೇ ಬೆಳೆದ ಸಾಫ್ಟ್‌ವೇರ್. 2016ರಲ್ಲಿ ಬಂದ 3.0 ಆವೃತ್ತಿಯಿಂದ ಅದರಲ್ಲಿ ಫ್ರೇಮ್ ಫ್ರೇಮ್ ಆಗಿ ಅನಿಮೇಷನ್ ಮಾಡುವ ಸೌಕರ್ಯ ಇದೆ.

ಈಗ ಪೆನ್ನಿನ ವಿಷಯ. ವಿಂಡೋಸ್‌ನಲ್ಲಿ ಇದು ತುಂಬಾ ಜನ ಎಡವುವ ಜಾಗ. ಪೆನ್ನಿನ ಒತ್ತಡವನ್ನು ಕಂಪ್ಯೂಟರಿಗೆ ತಿಳಿಸಲು ಎರಡು ದಾರಿಗಳಿವೆ: ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಟ್ಯಾಬ್ಲೆಟ್ ಒಂದು ದಾರಿಯಲ್ಲಿ ಮಾತಾಡುತ್ತಿದ್ದರೆ ಕ್ರಿಟಾ ಇನ್ನೊಂದು ದಾರಿಯಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಾನ್ಫಿಗರ್ ಕ್ರಿಟಾ, ಅದರೊಳಗೆ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ಗೆ ಹೋಗಿ. ಈಗ ಯಾವುದು ಆಯ್ಕೆಯಾಗಿದೆಯೋ ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆಯಿರಿ. ಅಷ್ಟಕ್ಕೂ ಆಗದಿದ್ದರೆ ಟ್ಯಾಬ್ಲೆಟ್ ತಯಾರಕರ ಡ್ರೈವರ್, ಅಂದರೆ ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಪರಿಚಯಿಸುವ ಸಣ್ಣ ಪ್ರೋಗ್ರಾಂ, ಹಾಕಿದ್ದೀರಾ ನೋಡಿ. ಇನ್ನೊಂದು ಮಾತು. ಕೆಲವು ಬ್ರಷ್‌ಗಳಲ್ಲಿ ಒತ್ತಡಕ್ಕೆ ಗಾತ್ರ ಬದಲಾಗುವುದೇ ಇಲ್ಲ, ಬಣ್ಣದ ಗಾಢತೆ ಮಾತ್ರ ಬದಲಾಗುತ್ತದೆ. ಬೇಸಿಕ್-5 ಸೈಜ್ ಅನ್ನುವ ಬ್ರಷ್ ಹಿಡಿದು ಪರೀಕ್ಷೆ ಮಾಡಿ. ಅದರಲ್ಲಿ ಗೆರೆ ಸಣ್ಣ ದಪ್ಪ ಆದರೆ ನಿಮ್ಮ ಟ್ಯಾಬ್ಲೆಟ್ ಸರಿಯಾಗಿಯೇ ಇದೆ.

ಹಾಗೇ ಒಂದು ವೃತ್ತ ಬರೆದು ನೋಡಿ. ಕೈ ದುಂಡಗೆ ತಿರುಗಿದರೂ ಪರದೆಯ ಮೇಲೆ ಮೊಟ್ಟೆ ಬಂದರೆ, ಟ್ಯಾಬ್ಲೆಟ್ಟಿನ ಅಗಲ-ಎತ್ತರದ ಅನುಪಾತ ಪರದೆಗೆ ಹೊಂದಿಲ್ಲ ಅಂತ ಅರ್ಥ. ಡ್ರೈವರ್‌ನಲ್ಲಿ ಅನುಪಾತ ಸರಿಮಾಡಿಕೊಳ್ಳಬಹುದು. ಎಷ್ಟೋ ಜನ ತಿಂಗಳುಗಟ್ಟಲೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ, ತಪ್ಪು ಕೈಯದ್ದಲ್ಲ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದು ಮೊದಮೊದಲು ಕಿರಿಕಿರಿ ಅನ್ನಿಸುತ್ತದೆ, ದಿನಾ ಬರೆದರೆ ಕೆಲವೇ ವಾರಗಳಲ್ಲಿ ಮರೆತೂ ಹೋಗುತ್ತದೆ. ಗೆರೆ ನಡುಗಿದರೆ ಬ್ರಷ್‌ನ ಟೂಲ್ ಆಪ್ಷನ್ಸ್‌ನಲ್ಲಿ ಸ್ಟೆಬಿಲೈಸರ್ ಹಾಕಿಕೊಳ್ಳಿ. ಅತಿ ಮಾಡಬೇಡಿ, ಗೆರೆಗೆ ಜೀವ ಇರುವುದಿಲ್ಲ.

ಹಾಳೆಯ ಅಳತೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇಲ್ಲಿ ನಾನೇ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮುದ್ರಣಕ್ಕೆ ಚಿತ್ರ ಮಾಡಿಕೊಡುವ ಅಭ್ಯಾಸ ಇತ್ತು ನನಗೆ. ಅದೇ ಗುಂಗಿನಲ್ಲಿ ಮೊದಲ ಅನಿಮೇಷನ್ನಿಗೂ ಎ3 ಅಳತೆ, 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕೆ, ಇಟ್ಟೆ. ನಲವತ್ತನೇ ಚಿತ್ರ ಮುಟ್ಟುವಷ್ಟರಲ್ಲಿ ಪೆನ್ ಎಳೆದ ಎಷ್ಟೋ ಹೊತ್ತಿನ ಮೇಲೆ ಗೆರೆ ಬರುತ್ತಿತ್ತು. ಪುಕ್ಕಟೆ ಸಾಫ್ಟ್‌ವೇರ್ ಅಲ್ವಾ, ಇಷ್ಟೇ ಇದರ ಹಣೆಬರಹ ಅಂತ ಗೊಣಗಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಅಳತೆಯಲ್ಲಿ 4961 ಅಡ್ಡ, 3508 ಉದ್ದ, ಒಟ್ಟು ಸುಮಾರು 1.74 ಕೋಟಿ ಚುಕ್ಕೆಗಳು. ಒಂದೊಂದು ಚುಕ್ಕೆಗೆ 4 ಬೈಟ್. ಅಂದರೆ ಪೂರ್ತಿ ಬಣ್ಣ ತುಂಬಿದ ಒಂದು ಚಿತ್ರಕ್ಕೆ 70 ಎಂಬಿ. ಅಂಥ 120 ಚಿತ್ರಗಳಾದರೆ 8 ಜಿಬಿ ದಾಟುತ್ತದೆ. ಯಾವ ಸಾಫ್ಟ್‌ವೇರ್ ಆದರೂ ಮಕಾಡೆ ಮಲಗುತ್ತದೆ.

ಅದೇ 1920 ಅಡ್ಡ 1080 ಅಳತೆಯಲ್ಲಿ ಒಂದು ಚಿತ್ರಕ್ಕೆ ಸುಮಾರು 8 ಎಂಬಿ ಸಾಕು. 1280 ಅಡ್ಡ 720ರಲ್ಲಿ ನಾಲ್ಕು ಎಂಬಿಯೂ ಬೇಡ. ನಿಮ್ಮ ಲ್ಯಾಪ್‌ಟಾಪಿಗೆ ಈ ಎರಡನೆಯದು ಹೇಳಿ ಮಾಡಿಸಿದ ಹಾಗಿದೆ. ವಿಡಿಯೋಗೆ ಡಿಪಿಐ ಅನ್ನುವುದಕ್ಕೆ ಅರ್ಥವೇ ಇಲ್ಲ, ಅಲ್ಲಿ ಎಷ್ಟಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಕ್ರಿಟಾದ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಅನಿಮೇಷನ್ ಕ್ಯಾಶ್ ಅನ್ನು (ಆಡಿಸಿ ತೋರಿಸಲು ಸಿದ್ಧಮಾಡಿಟ್ಟ ಫ್ರೇಮ್‌ಗಳನ್ನು) ರ‍್ಯಾಮ್‌ನಲ್ಲಿ ಇಡುವ ಬದಲು ಡಿಸ್ಕಿನಲ್ಲಿ ಇಡಲು ಹೇಳಬಹುದು. ಅದನ್ನೂ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಒಂದು ನಿಮಿಷದ ಕಥೆಗೆ ಕೈ ಹಾಕಬೇಡಿ. ಒಂದು ಕಣ್ಣು ಮಿಟುಕಿಸಿ. ನಿಜವಾಗಿಯೂ ಅಷ್ಟೇ.

ಹೊಸ ಕಡತ ತೆರೆದು, ವಿಂಡೋ ಮೆನುವಿನ ವರ್ಕ್‌ಸ್ಪೇಸ್‌ನಲ್ಲಿ ಅನಿಮೇಷನ್ ಆರಿಸಿ. ಕೆಳಗೆ ಟೈಮ್‌ಲೈನ್, ಅಂದರೆ ಫ್ರೇಮ್‌ಗಳ ಸಾಲು ಬರುತ್ತದೆ. ವೇಗ ಸೆಕೆಂಡಿಗೆ 24 ಫ್ರೇಮ್ ಇರಲಿ. ಹಾಗಂತ 24 ಚಿತ್ರ ಬರೆಯಬೇಕಿಲ್ಲ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹೊತ್ತು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಇದು ಹಳೇ ಪದ್ಧತಿ, ಕಣ್ಣು ಒಪ್ಪಿಕೊಳ್ಳುತ್ತದೆ. ಈಗ ಹಿನ್ನೆಲೆಯ ಬಿಳಿ ಲೇಯರ್ ಬಿಟ್ಟು ಅದರ ಮೇಲೆ ಹೊಸ ಲೇಯರ್ ತೆಗೆದುಕೊಳ್ಳಿ. ಇಲ್ಲಿ ಎಲ್ಲರೂ ಒಮ್ಮೆ ಜಾರುತ್ತಾರೆ. ಬಿಳಿ ಲೇಯರ್ ಮೇಲೆಯೇ ಬರೆಯಲು ಹೋದರೆ ಆನಿಯನ್ ಸ್ಕಿನ್ ಕಾಣುವುದೇ ಇಲ್ಲ. ಆನಿಯನ್ ಸ್ಕಿನ್ ಅಂದರೆ ತೆಳು ಕಾಗದ ಇಟ್ಟು ಕೆಳಗಿನ ಚಿತ್ರ ನೋಡಿಕೊಂಡು ಬರೆಯುವ ಹಾಗೆ, ಹಿಂದಿನ ಮುಂದಿನ ಚಿತ್ರಗಳು ಮಸುಕಾಗಿ ಕಾಣುವ ಏರ್ಪಾಟು. ಲೇಯರಿನ ಪಕ್ಕದ ಬಲ್ಬ್ ಗುರುತು ಒತ್ತಿದರೆ ಅದು ಹೊತ್ತಿಕೊಳ್ಳುತ್ತದೆ. ಹಿಂದಿನದು ಕೆಂಪು, ಮುಂದಿನದು ಹಸಿರು. ಲೇಯರ್ ತುಂಬಾ ಬಿಳಿ ಬಣ್ಣ ಇದ್ದರೆ ಅದರ ಹಿಂದೆ ಏನು ಕಂಡೀತು?

ಸೊನ್ನೆಯ ಫ್ರೇಮ್‌ನಲ್ಲಿ ತೆರೆದ ಕಣ್ಣು ಬರೆಯಿರಿ. ಎರಡರಲ್ಲಿ ಅರ್ಧ ಮುಚ್ಚಿದ್ದು. ನಾಲ್ಕರಲ್ಲಿ ಪೂರ್ತಿ ಮುಚ್ಚಿದ್ದು. ಎಂಟರಲ್ಲಿ ಮತ್ತೆ ಅರ್ಧ, ಹತ್ತರಲ್ಲಿ ಪೂರ್ತಿ ತೆರೆದದ್ದು. ಮುಚ್ಚಿದ ಚಿತ್ರಕ್ಕೆ ಉಳಿದವಕ್ಕಿಂತ ಎರಡು ಫ್ರೇಮ್ ಜಾಸ್ತಿ ಕೊಟ್ಟಿದ್ದೇವೆ, ಗಮನಿಸಿ. ರೆಪ್ಪೆ ಬೇಗ ಇಳಿದು, ಒಂದು ಕ್ಷಣ ನಿಂತು, ಮೇಲೇರುತ್ತದೆ. ಎಲ್ಲಕ್ಕೂ ಒಂದೇ ಅಳತೆ ಕೊಟ್ಟರೆ ಕಣ್ಣು ಕಿಟಕಿ ಬಾಗಿಲಿನ ಹಾಗೆ ಬಡಿದುಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ತೆರೆದಾಗ ಮೇಲಿನ ರೆಪ್ಪೆಯ ಗೆರೆ ಮೇಲಕ್ಕೆ ಬಾಗಿರುತ್ತದೆ. ಅರ್ಧದಲ್ಲಿ ಹೆಚ್ಚುಕಡಿಮೆ ನೇರ ಆಗುತ್ತದೆ. ಮುಚ್ಚಿದಾಗ ಕೆಳಕ್ಕೆ ಬಾಗುತ್ತದೆ. ಮೊದಲ ಗೆರೆಯನ್ನೇ ಕೆಳಗೆ ಸರಿಸಿದರೆ ಕಣ್ಣು ಮುಚ್ಚಿದ ಹಾಗೆ ಕಾಣುವುದಿಲ್ಲ, ಪರದೆ ಇಳಿಬಿಟ್ಟ ಹಾಗೆ ಕಾಣುತ್ತದೆ. ಕೆಳರೆಪ್ಪೆಯನ್ನು ಹೆಚ್ಚು ಮುಟ್ಟಬೇಡಿ, ಕೂದಲೆಳೆಯಷ್ಟು ಮೇಲೆ ಬಂದರೆ ಸಾಕು.

ಕಣ್ಣು ಮಿಟುಕಿಸುವಷ್ಟರಲ್ಲಿ ಅಂತೀವಲ್ಲ, ಆ ಹೊತ್ತಿಗೆ ಐದು ಚಿತ್ರ ಬೇಕಾಯಿತು. ಈ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 720 ಚಿತ್ರ. ಗಾಬರಿಯಾಗಬೇಡಿ, ಅಷ್ಟನ್ನೂ ಯಾರೂ ಬರೆಯುವುದಿಲ್ಲ. ಪಾತ್ರ ಸುಮ್ಮನೆ ನಿಂತು ಕೇಳುತ್ತಿರುವಾಗ ಒಂದೇ ಚಿತ್ರ, ಮೇಲೊಂದು ಮಿಟುಕು. ನಡಿಗೆಗೆ ಹನ್ನೆರಡು ಚಿತ್ರ ಬರೆದು ಅದನ್ನೇ ಸುತ್ತಿಸುವುದು. ಹಿನ್ನೆಲೆ ಒಂದೇ ಉದ್ದ ಚಿತ್ರ, ಅದನ್ನು ಸರಿಸುವುದು. ಕಥೆಯನ್ನು ಮೂರು ನಾಲ್ಕು ಸೆಕೆಂಡಿನ ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೂ ಬೇರೆ ಕಡತ ಮಾಡಿ. ಇಡೀ ನಿಮಿಷವನ್ನು ಒಂದೇ ಕ್ರಿಟಾ ಕಡತದಲ್ಲಿ ತುರುಕಿದರೆ 8 ಜಿಬಿ ಯಂತ್ರ ಅರ್ಧ ದಾರಿಯಲ್ಲೇ ಉಸ್ಸಪ್ಪಾ ಅನ್ನುತ್ತದೆ. ತುಂಡುಗಳನ್ನು ಕೊನೆಗೆ ಜೋಡಿಸಲು ಕೆಡೆನ್‌ಲೈವ್ ಇದೆ, ಅದೂ ಮುಕ್ತ ಸಾಫ್ಟ್‌ವೇರೇ.

ಬಣ್ಣದ ವಿಷಯಕ್ಕೆ ಬಂದರೆ ಒಂದು ಸಂಕಟ ಇದೆ. ನೂರು ಚಿತ್ರದಲ್ಲಿ ಅಂಗಿಗೆ ನೀಲಿ ತುಂಬಿದ್ದೀರಿ. ನೂರೊಂದನೆಯ ಹೊತ್ತಿಗೆ ಕೆಂಪೇ ಚೆನ್ನಾಗಿತ್ತು ಅನ್ನಿಸಿತು. ಏನು ಮಾಡುತ್ತೀರಿ? ಓಪನ್‌ಟೂನ್ಜ್‌ನಲ್ಲಿ ಇದು ಕ್ಷಣದ ಕೆಲಸ. ಅಲ್ಲಿ ಬಣ್ಣಗಳು ಒಂದು ಪ್ಯಾಲೆಟ್ಟಿಗೆ ಕಟ್ಟಿಕೊಂಡಿರುತ್ತವೆ. ಪ್ಯಾಲೆಟ್ಟಿನಲ್ಲಿ ನೀಲಿಯನ್ನು ಕೆಂಪು ಮಾಡಿದರೆ ನೂರು ಚಿತ್ರದಲ್ಲೂ ಅಂಗಿ ಕೆಂಪಾಗುತ್ತದೆ. ಕ್ರಿಟಾದಲ್ಲಿ ಹಾಗೆ ಇಲ್ಲ, ಆದರೆ ಒಂದು ಉಪಾಯ ಇದೆ. ಅಂಗಿಗೆಂದೇ ಒಂದು ಗ್ರೂಪ್ ಮಾಡಿ. ಒಳಗೆ ಕೆಳಗಡೆ ಅಂಗಿಯ ಆಕಾರ ತುಂಬುವ ಲೇಯರ್, ಯಾವ ಬಣ್ಣವಾದರೂ ಸರಿ. ಅದರ ಮೇಲೆ ಒಂದು ಫಿಲ್ ಲೇಯರ್ (ಇಡೀ ಹಾಳೆಗೆ ಒಂದೇ ಬಣ್ಣ ತುಂಬುವ ಲೇಯರ್) ಇಟ್ಟು ಇನ್‌ಹೆರಿಟ್ ಆಲ್ಫಾ ಒತ್ತಿ. ಈಗ ಫಿಲ್ ಲೇಯರಿನ ಬಣ್ಣ ಅಂಗಿಯ ಆಕಾರದೊಳಗೆ ಮಾತ್ರ ಕಾಣುತ್ತದೆ. ಆ ಒಂದು ಲೇಯರಿನ ಬಣ್ಣ ಬದಲಿಸಿದರೆ ಎಲ್ಲಾ ಫ್ರೇಮ್‌ಗಳಲ್ಲೂ ಬದಲಾಗುತ್ತದೆ. ಶುರುವಿನಲ್ಲೇ ಮಾಡಿಕೊಳ್ಳಬೇಕು, ನೂರು ಚಿತ್ರ ಆದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಓಪನ್‌ಟೂನ್ಜ್ ಹೆಸರು ಬಂತು. ಟೂನ್ಜ್ ಇಟಲಿಯಲ್ಲಿ ಹುಟ್ಟಿದ ಸಾಫ್ಟ್‌ವೇರ್, ಜಪಾನಿನ ಸ್ಟುಡಿಯೋ ಜಿಬ್ಲಿ ಅದನ್ನು ಬಳಸುತ್ತಿತ್ತು. 2016ರಲ್ಲಿ ಜಪಾನಿನ ಡ್ವಾಂಗೋ ಕಂಪನಿ ಅದನ್ನು ಓಪನ್‌ಟೂನ್ಜ್ ಅಂತ ಎಲ್ಲರಿಗೂ ಬಿಟ್ಟುಕೊಟ್ಟಿತು. ಕಾಗದದ ಮೇಲೆ ಬರೆದ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕೊಳೆ ತೆಗೆದು, ಗೆರೆ ಮಾತ್ರ ಉಳಿಸಿಕೊಂಡು ಬಣ್ಣ ತುಂಬುವ ಪೂರ್ತಿ ಏರ್ಪಾಟು ಅದರಲ್ಲಿದೆ. ಟ್ಯಾಬ್ಲೆಟ್ ನಿಮ್ಮ ಕೈಗೆ ಹೊಂದಿಕೊಳ್ಳಲೇ ಇಲ್ಲ ಅಂದುಕೊಳ್ಳಿ, ಕಾಗದಕ್ಕೇ ವಾಪಸ್ ಹೋಗಿ ಇದನ್ನು ಹಿಡಿಯಬಹುದು. ಆದರೆ ಮೊದಲ ಸಲ ತೆರೆದಾಗ ವಿಮಾನದ ಕಾಕ್‌ಪಿಟ್ಟಿನಲ್ಲಿ ಕೂತ ಹಾಗೆ ಆಗುತ್ತದೆ, ಅದಕ್ಕೇ ನಿಮಗೆ ಮೊದಲೇ ಹೇಳಲಿಲ್ಲ. ಅದರಿಂದಲೇ ಕವಲೊಡೆದ ತಹೋಮಾ2ಡಿ ಸ್ವಲ್ಪ ಸಲೀಸು.

ಬ್ಲೆಂಡರನ್ನು ಸದ್ಯಕ್ಕೆ ದೂರ ಇಡಿ ಅಂದೆ. ಅದು ಕಡಿಮೆಯದು ಅಂತಲ್ಲ. ಅದರ ಕಂಪನಿ 2002ರಲ್ಲಿ ಮುಚ್ಚಿಹೋದಾಗ, ಅದನ್ನು ಕಟ್ಟಿದ ಟಾನ್ ರೋಸೆಂಡಾಲ್ ಜನರಿಂದ ಒಂದು ಲಕ್ಷ ಯೂರೋ ಒಟ್ಟುಮಾಡಿ ಹಕ್ಕು ಬಿಡಿಸಿಕೊಂಡು ಮುಕ್ತ ಸಾಫ್ಟ್‌ವೇರ್ ಮಾಡಿದರು. ಏಳು ವಾರದಲ್ಲಿ ಹಣ ಸೇರಿತ್ತು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ಸಿನಿಮಾ ಬ್ಲೆಂಡರಿನಲ್ಲೇ ತಯಾರಾದದ್ದು. ಹಾಗಾಗಿ ಇದರಲ್ಲಿ ದೊಡ್ಡ ಕೆಲಸ ಆಗುತ್ತದಾ ಅನ್ನುವ ಪ್ರಶ್ನೆ ಮುಗಿದ ಕಥೆ. ಅದರ ಗ್ರೀಸ್ ಪೆನ್ಸಿಲ್ ಎನ್ನುವ ಸಲಕರಣೆಯಲ್ಲಿ ಮೂರು ಆಯಾಮದ ಜಾಗದೊಳಗೆ ಕೈಯಲ್ಲೇ ಗೆರೆ ಎಳೆಯಬಹುದು. ಎಳೆದ ಗೆರೆಯನ್ನು ಆಮೇಲೆ ಹಿಡಿದು ಬಗ್ಗಿಸಬಹುದು. ಎರಡು ಮೂರು ಸಣ್ಣ ತುಂಡುಗಳನ್ನು ಕ್ರಿಟಾದಲ್ಲಿ ಮುಗಿಸಿದ ಮೇಲೆ ಖಂಡಿತ ನೋಡಿ. ಒಂದು ಎಚ್ಚರ, ತೀರಾ ಹಳೇ ಗ್ರಾಫಿಕ್ಸ್ ಚಿಪ್ ಇದ್ದರೆ ಹೊಸ ಬ್ಲೆಂಡರ್ ತೆರೆದುಕೊಳ್ಳುವುದೇ ಇಲ್ಲ.

ಕ್ರಿಟಾದಿಂದ ವಿಡಿಯೋ ಹೊರತೆಗೆಯುವಾಗ ನೇರವಾಗಿ ಎಂಪಿ4 ಮಾಡಬೇಡಿ. ಯಾವ ಫ್ರೇಮ್ ಎಲ್ಲಿದೆ ಅಂತ ಹೇಳುವ ಎಂಪಿ4 ಕಡತದ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ಕೊನೆ ಮುಟ್ಟುವ ಮೊದಲೇ ಲ್ಯಾಪ್‌ಟಾಪಿನ ಚಾರ್ಜ್ ಹೋದರೆ ಉಳಿದ ಕಡತ ತೆರೆಯುವುದೂ ಇಲ್ಲ. ನನಗೆ ಒಮ್ಮೆ ಹಾಗೇ ಆಗಿ ರಾತ್ರಿಯೆಲ್ಲಾ ಹಾಳಾಯಿತು. ರೆಂಡರ್ ಅನಿಮೇಷನ್‌ನಲ್ಲಿ ಇಮೇಜ್ ಸೀಕ್ವೆನ್ಸ್ ಆರಿಸಿ. ಒಂದೊಂದು ಫ್ರೇಮೂ ಒಂದೊಂದು ಪಿಎನ್‌ಜಿ ಚಿತ್ರವಾಗಿ ಒಂದು ಫೋಲ್ಡರಿಗೆ ಬೀಳುತ್ತದೆ. ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಸಬಹುದು. ಒಂದು ಫ್ರೇಮ್ ಮಾತ್ರ ತಿದ್ದಬೇಕಾದರೆ ಅದೊಂದನ್ನೇ ಬದಲಿಸಬಹುದು. ಆಮೇಲೆ ಅವನ್ನು ಕೆಡೆನ್‌ಲೈವ್‌ಗೆ ಎಳೆದುಕೊಂಡು ಎಂಪಿ4 ಮಾಡಿ. ಅಗಲ, ಎತ್ತರ ಎರಡೂ ಸಮಸಂಖ್ಯೆ ಇರಲಿ, 721ರಂಥ ಬೆಸಸಂಖ್ಯೆ ಕಂಡರೆ ಸಾಮಾನ್ಯ ಎಂಪಿ4 ಎನ್‌ಕೋಡರ್ ಮುನಿಸಿಕೊಳ್ಳುತ್ತದೆ.

ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ತೆರೆಯುವಾಗಲೇ 24 ಫ್ರೇಮ್ ಅಂತ ಹೇಳಿ. ಅದು 25 ಆಗಿದ್ದರೆ ನಿಮ್ಮ ಒಂದು ನಿಮಿಷದ 1440 ಫ್ರೇಮ್‌ಗಳು 57.6 ಸೆಕೆಂಡಿಗೇ ಮುಗಿಯುತ್ತವೆ. ಮಾತು ಇದ್ದರೆ ಕೊನೆಗೆ ಬರುವಷ್ಟರಲ್ಲಿ ತುಟಿ ಮುಂದೆ, ದನಿ ಹಿಂದೆ. ಮಾತಿರುವ ದೃಶ್ಯವಾದರೆ ಮೊದಲು ದನಿ ಮುದ್ರಿಸಿ, ಆಡಾಸಿಟಿಯಲ್ಲಿ ಕತ್ತರಿಸಿ, ಅದನ್ನು ಕ್ರಿಟಾ ಟೈಮ್‌ಲೈನಿಗೆ ಹಾಕಿಕೊಂಡು ಅದಕ್ಕೆ ತಕ್ಕ ಹಾಗೆ ಬಾಯಿ ಬರೆಯಿರಿ. ಉಲ್ಟಾ ಮಾಡಿದರೆ ಎರಡು ಸಲ ದುಡಿಯಬೇಕಾಗುತ್ತದೆ.

ಮಾರಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾರಿ. ಈ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಆ ಪ್ರೋಗ್ರಾಂಗೆ ಸಂಬಂಧಿಸಿದ್ದು, ಅದರಲ್ಲಿ ನೀವು ಬರೆದ ಚಿತ್ರಕ್ಕಲ್ಲ. ಚಿತ್ರ ಪೂರ್ತಿ ನಿಮ್ಮದು. ತೊಂದರೆ ಬರುವುದು ಬೇರೆ ಕಡೆಯಿಂದ. ಎಲ್ಲೋ ಸಿಕ್ಕ ಹಿನ್ನೆಲೆ ಸಂಗೀತ, ಫಾಂಟ್, ಟೆಕ್ಸ್ಚರ್, ಇವಕ್ಕೆ ತಮ್ಮದೇ ಲೈಸೆನ್ಸ್ ಇರುತ್ತದೆ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ನಾನ್ ಕಮರ್ಷಿಯಲ್ ಅಂತ ಇದ್ದರೆ ಮಾರುವ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಅಟ್ರಿಬ್ಯೂಷನ್ ಅಂತ ಇದ್ದರೆ ಮಾಡಿದವರ ಹೆಸರು ಹಾಕಿ ಬಳಸಬಹುದು. ಅಂದ ಹಾಗೆ, ಸ್ಟೋರ್‌ಗಳಲ್ಲಿ ಕ್ರಿಟಾಗೆ ಬೆಲೆ ಕಂಡರೆ ಮೋಸ ಅಂದುಕೊಳ್ಳಬೇಡಿ. ಅದೇ ಸಾಫ್ಟ್‌ವೇರ್, ಆ ಹಣ ಅದನ್ನು ಬೆಳೆಸುವವರಿಗೆ ಹೋಗುತ್ತದೆ. ಅಧಿಕೃತ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿಯೇ ಸಿಗುತ್ತದೆ. ಆದರೆ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಿ ಇಳಿಸಿಕೊಳ್ಳಬೇಡಿ.

ಕೊರತೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಫೋಟೋಶಾಪ್‌ನ ಪಿಎಸ್‌ಡಿ ಕಡತಗಳನ್ನು ಕ್ರಿಟಾ ತೆರೆಯುತ್ತದೆ, ಆದರೆ ಕೆಲವು ಎಫೆಕ್ಟ್‌ಗಳು ಇದ್ದ ಹಾಗೇ ಬರುವುದಿಲ್ಲ. ಬೇರೆಯವರ ಜೊತೆ ಕಡತ ಹಂಚಿಕೊಳ್ಳುವ ಕೆಲಸವಾದರೆ ಮೊದಲೇ ಒಂದು ಕಡತ ಕಳಿಸಿ ಪರೀಕ್ಷಿಸಿ. ಶೀರ್ಷಿಕೆಗೆ ಅಕ್ಷರ ಬೇಕಾದರೆ ನಾನು ಇಂಕ್‌ಸ್ಕೇಪ್‌ನಲ್ಲಿ ಬರೆದು ತರುತ್ತೇನೆ. ಯುನಿಕೋಡ್ ಫಾಂಟ್ ಹಾಕಿದರೆ ಒತ್ತಕ್ಷರಗಳು ಅಲ್ಲಿ ಸರಿಯಾಗಿ ಕೂರುತ್ತವೆ.

ಉಳಿಸಿಕೊಳ್ಳುವ ಬಗ್ಗೆ ಒಂದು ಅಭ್ಯಾಸ ಮಾಡಿಕೊಳ್ಳಿ. ಕಂಟ್ರೋಲ್, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕ್ರಿಟಾ ಹಳೇ ಕಡತವನ್ನು ಹಾಗೇ ಬಿಟ್ಟು, ಹೆಸರಿನ ಕೊನೆಗೆ ಸಂಖ್ಯೆ ಸೇರಿಸಿ ಹೊಸದೊಂದನ್ನು ಉಳಿಸುತ್ತದೆ. ದಿನದ ಕೆಲಸ ಶುರು ಮಾಡುವ ಮೊದಲು ಒಮ್ಮೆ ಒತ್ತಿ. ಯಾವತ್ತಾದರೂ ಕಡತ ತೆರೆಯಲೇ ಇಲ್ಲ ಅಂದರೆ, ಅದರ ಒಂದು ನಕಲು ಮಾಡಿ, ಹೆಸರಿನ ಕೊನೆಯ ಕೆಆರ್‌ಎ ತೆಗೆದು ಜಿಪ್ ಅಂತ ಬರೆದು ಬಿಚ್ಚಿ ನೋಡಿ. ಕ್ರಿಟಾ ಕಡತ ಅಂದರೆ ಒಳಗೆ ಒಂದು ಜಿಪ್ ಗಂಟು ಅಷ್ಟೇ. ಅದರಲ್ಲಿ ಮರ್ಜ್ಡ್‌ಇಮೇಜ್ ಅನ್ನುವ ಪಿಎನ್‌ಜಿ ಚಿತ್ರ ಇರುತ್ತದೆ. ಲೇಯರ್‌ಗಳು ಹೋದರೂ ಕೊನೆಯ ಸಲ ಉಳಿಸಿದಾಗ ಪರದೆಯ ಮೇಲಿದ್ದ ಫ್ರೇಮ್ ಅದರಲ್ಲಿ ಕೈಗೆ ಸಿಗಬಹುದು.